ಓದುಗರ ಪ್ರಶ್ನೆ: ತೊಟ್ಟಿಯಲ್ಲಿ ಕಂಡದ್ದು ಯಾವ ಸೀಗಡಿ?

ಪ್ರಶ್ನೆ: ಕಳೆದ ವರ್ಷ ಮೈಸೂರಿನ ಅಂಗಡಿಯೊಂದರಿಂದ 10 ಕೆಂಪು ಚೆರ್ರಿ ಸೀಗಡಿ ತಂದು ಗಪ್ಪಿ ಮೀನುಗಳ ಜೊತೆ ಬಿಟ್ಟೆ. ಆಮೇಲೆ ವಿ.ಸಿ. ನಾಲೆಯಿಂದ ಒಂದಿಷ್ಟು ಹೈಡ್ರಿಲ್ಲಾ ಗಿಡ ತಂದು ಅದೇ ತೊಟ್ಟಿಗೆ ಹಾಕಿದೆ. ಈಗ ಕಂದು ಛಾಯೆಯ, ಒಳಗಿನದೆಲ್ಲ ಕಾಣುವಂಥ ಸೀಗಡಿಗಳು ಓಡಾಡುತ್ತಿವೆ. ಕೆಲವಕ್ಕೆ ಬೆನ್ನ ಮೇಲೆ ಬಿಳಿ ಗೆರೆಯಿದೆ. ಚೆರ್ರಿಯ ಮರಿಗಳೇ ಬಣ್ಣ ಕಳೆದುಕೊಂಡವೋ, ನಾಲೆಯವು ಸೇರಿಕೊಂಡವೋ? ಗಪ್ಪಿ ಮರಿಗಳಿಗೆ ಅಪಾಯವಿದೆಯೇ?
– ಓದುಗರು, ಮಂಡ್ಯ

ಉತ್ತರ: ಎರಡೂ ಆಗಿರಬಹುದು. ಬಣ್ಣ ನೋಡಿ ತೀರ್ಮಾನಿಸಲು ಹೋಗಬೇಡಿ. ಚೆರ್ರಿ ಸೀಗಡಿ, ಅಂದರೆ ನಿಯೊಕ್ಯಾರಿಡಿನಾ ಡೇವಿಡಿ, ಚೀನಾ ಮತ್ತು ತೈವಾನ್ ಕಡೆಯದು. ಅದರ ಮೂಲ ಬಣ್ಣವೇ ಮಸುಕು ಕಂದು. ಕೆಂಪು, ನೀಲಿ, ಹಳದಿ ಎಲ್ಲವೂ ಸಾಕುವವರು ಆರಿಸಿ ಆರಿಸಿ ತಂದವು. ಆರಿಸುವುದನ್ನು ಬಿಟ್ಟರೆ ತಲೆಮಾರು ಕಳೆದಂತೆ ಕೆಂಪು ಪೇಲವವಾಗುತ್ತದೆ. ಬೇರೆ ಬೇರೆ ಬಣ್ಣದವು ಕೂಡಿದರೆ ಬೇಗನೆ ಕಂದು ಮರಿಗಳು ಬರುತ್ತವೆ. ಬೆನ್ನಿನ ಗೆರೆಯೂ ಗುರುತಲ್ಲ, ಚೆರ್ರಿಯ ಹೆಣ್ಣುಗಳಲ್ಲಿ ಅದು ಸಾಮಾನ್ಯ.

ನೋಡಬೇಕಾದದ್ದು ಕೈಗಳನ್ನು, ಅಂದರೆ ಇಕ್ಕಳವಿರುವ ಮುಂಗಾಲುಗಳನ್ನು. ಮೆತ್ತನೆಯ ಬಲೆಯಲ್ಲಿ ಒಂದನ್ನು ಹಿಡಿದು, ತೊಟ್ಟಿಯದೇ ನೀರು ತುಂಬಿದ ಸಣ್ಣ ಗಾಜಿನ ಲೋಟಕ್ಕೆ ಬಿಡಿ. ಹಿಂದೆ ಬಿಳಿ ಕಾಗದ ಇಟ್ಟು, ಪಕ್ಕದಿಂದ ಟಾರ್ಚ್ ಬಿಟ್ಟು, ಮೊಬೈಲಿನಲ್ಲಿ ಹತ್ತಿರದ ಫೋಟೊ ತೆಗೆಯಿರಿ. ಮೇಲಿನಿಂದ ತೆಗೆದ ಫೋಟೊ ಗುರುತಿಸಲು ಪ್ರಯೋಜನಕ್ಕೆ ಬರುವುದಿಲ್ಲ, ಪಕ್ಕದ ನೋಟವೇ ಬೇಕು. 5 ನಿಮಿಷದಲ್ಲಿ ವಾಪಸ್ ಬಿಡಿ, ಲೋಟದ ನೀರು ಬೇಗ ಬಿಸಿಯಾಗುತ್ತದೆ.

ಮುಂದಿನ ಎರಡು ಜೊತೆ ಕಾಲುಗಳ ತುದಿಯಲ್ಲಿ ಇಕ್ಕಳಗಳಿರುತ್ತವೆ. ಎರಡೂ ಜೊತೆ ಗಿಡ್ಡಗಿದ್ದು, ತುದಿಯಲ್ಲಿ ಕೂದಲಿನ ಕುಚ್ಚಿದ್ದು, ಬಿಡುವಿಲ್ಲದೆ ಗಿಡ, ಕಲ್ಲು ಕೆರೆದು ಬಾಯಿಗೆ ಒಯ್ಯುತ್ತಿದ್ದರೆ ಅದು ಪಾಚಿ ತಿನ್ನುವ ಸಾಧು ಗುಂಪಿನದು. ಚೆರ್ರಿಯೂ ಈ ಗುಂಪಿನದೇ. ಎರಡನೆಯ ಜೊತೆ ಮಾತ್ರ ಉದ್ದವಾಗಿ, ಸಪೂರವಾಗಿ ಮುಂದಕ್ಕೆ ಚಾಚಿದ್ದರೆ ಅದು ಮ್ಯಾಕ್ರೊಬ್ರಾಕಿಯಂ ಎಂಬ ಉದ್ದ ಕೈಯ ಗುಂಪಿನದು. ನಮ್ಮ ದೇಶದ ನದಿ, ನಾಲೆಗಳಲ್ಲಿ ಸಿಗುವ ಮ್ಯಾಕ್ರೊಬ್ರಾಕಿಯಂ ಲಮಾರೈ ಗಾಜಿನಂತೆ ಪಾರದರ್ಶಕ. ಕಣ್ಣುಗಳ ನಡುವಿನಿಂದ ಹೊರಡುವ ಮುಳ್ಳು ಉದ್ದವಾಗಿದ್ದು, ಅದರ ಮೇಲೂ ಕೆಳಗೂ ಗರಗಸದ ಹಲ್ಲುಗಳಿರುತ್ತವೆ. ಚೆರ್ರಿಯಲ್ಲಿ ಈ ಮುಳ್ಳು ಗಿಡ್ಡ.

ಸಣ್ಣವುಗಳಲ್ಲಿ ಕೈ ಇನ್ನೂ ಉದ್ದವಾಗಿರುವುದಿಲ್ಲ, ಮೋಸ ಹೋಗುವುದು ಇಲ್ಲೇ. 1.5 ಸೆಂ.ಮೀ.ಗಿಂತ ಚಿಕ್ಕದಾಗಿದ್ದರೆ ಎರಡು ಮೂರು ಸಲ ಪೊರೆ ಕಳಚುವವರೆಗೆ ಬೇರೆ ಡಬ್ಬದಲ್ಲಿ ಸಾಕಿ ನೋಡಿ.

ಮುಂದಿನ ಸಾಕ್ಷಿ ಮೊಟ್ಟೆ. ಚೆರ್ರಿಯ ಹೊಟ್ಟೆಯಡಿ ಸುಮಾರು 20ರಿಂದ 30 ದಪ್ಪ ಮೊಟ್ಟೆಗಳಿರುತ್ತವೆ. 26 ಡಿಗ್ರಿ ಆಸುಪಾಸಿನ ನೀರಿನಲ್ಲಿ ಮೂರು ವಾರಕ್ಕೆ ಒಡೆದು, ತಾಯಿಯದೇ ರೂಪದ ಪುಟ್ಟ ಮರಿಗಳು ನೇರವಾಗಿ ಗಿಡದ ಮೇಲೆ ಹರಿದಾಡುತ್ತವೆ. ಮೊಟ್ಟೆ ಹೊತ್ತದ್ದನ್ನು ನೋಡುವಾಗ ಒಂದು ಎಚ್ಚರ: ಹೊಟ್ಟೆಯಡಿಯ ಈಜುಗಾಲುಗಳ ಬುಡದಲ್ಲಿ ಹಸಿರು ಮಿಶ್ರಿತ ಹಳದಿ ಎಳೆಗಳು ಗೊಂಚಲಾಗಿ ಬೆಳೆದಿದ್ದರೆ ಅದು ಮೊಟ್ಟೆಯಲ್ಲ, ಪರಾವಲಂಬಿ ರೋಗ. ಮೊಟ್ಟೆ ಬಿಡಿಬಿಡಿಯಾಗಿ ದುಂಡಗಿರುತ್ತದೆ. ರೋಗ ಗಂಡಿನ ಮೇಲೂ ಬರುತ್ತದೆ. ಅಂಥದ್ದನ್ನು ಕಂಡ ತಕ್ಷಣ ಬೇರ್ಪಡಿಸಿ.

ಕೈ ಗಿಡ್ಡ, ಮರಿ ನೇರವಾಗಿ ಹರಿದಾಡುವಂಥದ್ದು, ಆದರೂ ಮೈಮೇಲೆ ಕೆಂಪಿನ ಒಂದು ಚುಕ್ಕೆಯೂ ಇಲ್ಲ ಎಂದಾದರೆ ನಮ್ಮ ದೇಶದ್ದೇ ಯಾವುದೋ ಕ್ಯಾರಿಡಿನಾ, ಅಂದರೆ ಚೆರ್ರಿಯ ಹತ್ತಿರದ ನೆಂಟ, ಇರಬಹುದು. ಅದನ್ನು ಮತ್ತು ಬಣ್ಣ ಹೋದ ಚೆರ್ರಿಯನ್ನು ಬರಿಗಣ್ಣು ಬೇರ್ಪಡಿಸಲಾರದು, ಫೋಟೊ ನೋಡಿ ಖಚಿತ ಹೆಸರು ಹೇಳುವವರನ್ನು ನಂಬಬೇಡಿ. ಗಂಡಿನ ಮೊದಲ ಈಜುಗಾಲಿನ ಒಳಕವಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು: ನಿಯೊಕ್ಯಾರಿಡಿನಾದಲ್ಲಿ ಅದು ತುದಿಯತ್ತ ಅಗಲವಾಗಿ ಉಬ್ಬಿರುತ್ತದೆ, ಕ್ಯಾರಿಡಿನಾದಲ್ಲಿ ಕಿರಿದು. ತಾನಾಗಿ ಸತ್ತ ಗಂಡು ಸಿಕ್ಕರೆ 70% ಆಲ್ಕೋಹಾಲಿನಲ್ಲಿಟ್ಟು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ತೋರಿಸಿ.

ಗಪ್ಪಿ ಮರಿಗಳಿಗೆ ಅಪಾಯವಿರುವುದು ಉದ್ದ ಕೈಯವುಗಳಿಂದ. ಅವು ರಾತ್ರಿ ಹೊತ್ತು ಮರಿಗಳನ್ನೂ, ಆಗಷ್ಟೇ ಪೊರೆ ಕಳಚಿ ಮೈ ಮೆತ್ತಗಿರುವ ಚೆರ್ರಿಯನ್ನೂ ಹಿಡಿಯುತ್ತವೆ. ಅವುಗಳನ್ನು ಹಿಡಿಯಲು ಅರ್ಧ ಲೀಟರಿನ ನೀರಿನ ಬಾಟಲಿಯ ಕತ್ತನ್ನು ಕತ್ತರಿಸಿ, ಮುಚ್ಚಳ ತೆಗೆದು, ತಲೆಕೆಳಗಾಗಿ ಒಳಕ್ಕೆ ಸಿಕ್ಕಿಸಿ. ಎರಡು ಕಾಳು ಮೀನಿನ ಆಹಾರ ಹಾಕಿ ದೀಪ ಆರಿಸಿದ ಮೇಲೆ ತಳದಲ್ಲಿ ಮಲಗಿಸಿ. ಬೆಳಗ್ಗೆ ಎದ್ದ ಕೂಡಲೇ ತೆಗೆಯಿರಿ. ತಡವಾದರೆ ಒಳಗೆ ಆಮ್ಲಜನಕ ಕಡಿಮೆಯಾಗಿ ಚೆರ್ರಿಗಳೂ ಸಾಯುತ್ತವೆ.

ಬೇಡವಾದವನ್ನು, ಚೆರ್ರಿಯನ್ನಂತೂ ಖಂಡಿತ, ನಾಲೆಗೆ ಸುರಿಯಬೇಡಿ. ಜರ್ಮನಿ, ಹವಾಯಿಯ ನೀರುಗಳಲ್ಲಿ ಚೆರ್ರಿ ಈಗಾಗಲೇ ನೆಲೆಯೂರಿದೆ. ಇನ್ನು ಮುಂದೆ ನಾಲೆಯ ಗಿಡ ತಂದರೆ ಬಕೆಟಿನಲ್ಲಿ 10 ದಿನ ಇಟ್ಟು, ದಿನವೂ ನೀರು ಬದಲಿಸಿ. ಗದ್ದೆ, ಕಬ್ಬಿಗೆ ಹೊಡೆದ ಕೀಟನಾಶಕದ ಅಲ್ಪ ಶೇಷವೂ ಸೀಗಡಿಗಳಿಗೆ ಮಾರಕ. ಗಿಡದಲ್ಲಿ ಅಡಗಿದ ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳೂ ಬಕೆಟಿನಲ್ಲೇ ಕಣ್ಣಿಗೆ ಬೀಳುತ್ತವೆ.

ಪ್ರಶ್ನೆ: ಅಂಗಡಿಯಲ್ಲಿ, ಪಾಚಿ ತಿನ್ನುವ ಅಮಾನೊ ಸೀಗಡಿ ಎಂದು ಹೇಳಿ ಕೊಟ್ಟಿದ್ದಾರೆ. ನಿಜವೇ ಎಂದು ತಿಳಿಯುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಮೈಯ ಪಕ್ಕದಲ್ಲಿ ಕೆಂಗಂದು ಚುಕ್ಕೆಗಳ ಸಾಲು ಇರಲೇಬೇಕು. ಗಂಡಿನಲ್ಲಿ ಬಿಡಿ ಚುಕ್ಕೆ, ಹೆಣ್ಣಿನ ಕೆಳಸಾಲಿನಲ್ಲಿ ಉದ್ದುದ್ದ ಗೀಟು. ಬೆಳೆದ ಹೆಣ್ಣು 4ರಿಂದ 5 ಸೆಂ.ಮೀ. ಇರುತ್ತದೆ. ಇದರ ಮೊಟ್ಟೆಗಳು ನೂರಾರು, ಬಲು ಸಣ್ಣ. ಒಡೆದು ಬರುವ ಲಾರ್ವಾಗಳು ಉಪ್ಪುನೀರು ಸಿಗದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ನಿಮ್ಮ ಸಿಹಿನೀರಿನ ತೊಟ್ಟಿಯಲ್ಲೇ ಮರಿಗಳು ಬೆಳೆಯುತ್ತಿದ್ದರೆ ಅಂಗಡಿಯವರು ಕೊಟ್ಟದ್ದು ಅಮಾನೊ ಅಲ್ಲ.