ಜೂನ್‌ವರೆಗೆ ಇತಿಹಾಸದ ತರಗತಿಯನ್ನು ಬಿಡಿಸಬೇಡಿ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹಾಸನದಲ್ಲಿ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದ ಮಗಳನ್ನು ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕರೆತಂದು ಹೈಸ್ಕೂಲಿನ 11ನೇ ತರಗತಿಗೆ ಸೇರಿಸಿದ್ದೀರಿ. ಗಣಿತದಲ್ಲಾಗಲಿ ರಸಾಯನಶಾಸ್ತ್ರದಲ್ಲಾಗಲಿ ಅವಳಿಗೆ ತೊಂದರೆಯಿಲ್ಲ. ಅಮೆರಿಕದ ಇತಿಹಾಸದಲ್ಲಿ ಮಾತ್ರ ಗ್ರೇಡ್ ಇಳಿಯುತ್ತಿದೆ, ರಾತ್ರಿ ಆ ಪುಸ್ತಕ ತೆರೆದರೆ ಕಣ್ಣೀರು ಬರುತ್ತದೆ ಎಂದಿದ್ದೀರಿ. ಶಾಲೆಯ ವರ್ಷ ಮುಗಿಯಲು ಇನ್ನು ಹನ್ನೆರಡು ವಾರಗಳಿವೆ. ಈಗಲೇ ಆ ತರಗತಿಯಿಂದ ಬಿಡಿಸಿ ಬೇಸಿಗೆಯ ಸಮ್ಮರ್ ಸ್ಕೂಲಿನಲ್ಲಿ ಮುಗಿಸಿದರಾಗದೇ, ವಿಜ್ಞಾನ ಓದುವ ಹುಡುಗಿಗೆ ಈ ದೇಶದ ಇತಿಹಾಸದಿಂದ ಆಗಬೇಕಾದದ್ದೇನು ಎಂಬುದು ನಿಮ್ಮ ಪ್ರಶ್ನೆ. 1999ರ ಏಪ್ರಿಲ್‌ನಲ್ಲಿ ನಮ್ಮ ತಂದೆಯವರೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಇದನ್ನೇ ಕೇಳಿದ್ದರು. ಆಗ ನನಗೆ ಹದಿನಾರು ವರ್ಷ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಡಿಸಬೇಡಿ.

ನೀವು ಕೇಳಿದ ಉಳಿದ ವಿಷಯಗಳಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಡಬ್ಬಿಗೆ ಚಿತ್ರಾನ್ನವನ್ನೋ ಚಪಾತಿಯನ್ನೋ ಹಾಕಿ ಕಳಿಸಿ. ಅದನ್ನು ಮುಚ್ಚಿಟ್ಟುಕೊಂಡು ತಿನ್ನುವ ಕಾಲ ಹೋಯಿತು. ಚಳಿಯ ಬಗ್ಗೆ ಕ್ಯಾಲಿಫೋರ್ನಿಯಾದಲ್ಲಿ ಚಿಂತಿಸಬೇಡಿ. ಊರಿಗೆ ವಾಪಸಾದರೆ ದ್ವಿತೀಯ ಪಿಯುಸಿಗೆ ಸೇರಿಸಿಕೊಳ್ಳುತ್ತಾರೆಯೇ ಎಂಬುದನ್ನು ಅವಳು ಓದುತ್ತಿದ್ದ ಕಾಲೇಜಿನಲ್ಲೇ ವಿಚಾರಿಸುವುದು ಒಳ್ಳೆಯದು.

ಕ್ರೆಡಿಟ್ಟಿನ, ಅಂದರೆ ಒಂದು ವಿಷಯ ಓದಿ ಮುಗಿಸಿದ್ದಕ್ಕೆ ಶಾಲೆ ಕೊಡುವ ಮಾನ್ಯತೆಯ, ವಿಚಾರವನ್ನು ಮಾತ್ರ ತಿಳಿದಿರಿ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಒಂದು ವರ್ಷದ ಅಮೆರಿಕದ ಇತಿಹಾಸ ಕಡ್ಡಾಯ, ರಾಜ್ಯದ ವಿಶ್ವವಿದ್ಯಾಲಯಗಳೂ ಅರ್ಜಿ ಹಾಕುವವರು ಅಮೆರಿಕದ ಇತಿಹಾಸ ಓದಿರಬೇಕೆಂದು ಕೇಳುತ್ತವೆ. ಸೆಮಿಸ್ಟರಿನ ನಡುವೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಹೈಸ್ಕೂಲಿನ ಗ್ರೇಡುಗಳ ಪಟ್ಟಿಯಲ್ಲಿ) ಏನು ನಮೂದಾಗುತ್ತದೆ, ಬಿಡಲು ಕೊನೆಯ ದಿನ ಯಾವುದು ಎಂಬ ನಿಯಮ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಶಾಲೆಯಲ್ಲಿ ಮಕ್ಕಳ ಓದಿಗೆ ದಾರಿ ಹೇಳುವ ಕೌನ್ಸೆಲರ್ ಹೇಳಿದ್ದೇ ಪ್ರಮಾಣ. ನಮ್ಮ ಕಡೆ ವರ್ಷವಿಡೀ ಏನಾದರೂ ಆಗಲಿ, ಮಾರ್ಚ್ ತಿಂಗಳ ಮೂರು ಗಂಟೆಯ ಪರೀಕ್ಷೆಯಲ್ಲಿ ಬರೆದದ್ದು ಕೈ ಹಿಡಿಯುತ್ತದೆ. ಇಲ್ಲಿ ಮನೆಗೆಲಸ, ಕಿರುಪರೀಕ್ಷೆ, ಪ್ರಬಂಧ, ತರಗತಿಯಲ್ಲಿ ಆಡಿದ ಮಾತು ಎಲ್ಲವೂ ಸೇರಿ ಗ್ರೇಡ್ ಆಗುತ್ತದೆ. ಹಾಗಾಗಿ ಮಾರ್ಚ್‌ನಲ್ಲಿ ಇಳಿದ ಗ್ರೇಡನ್ನು ಮೇ ತಿಂಗಳಲ್ಲಿ ಬಹುಮಟ್ಟಿಗೆ ಎತ್ತಿಕೊಳ್ಳಲು ಸಾಧ್ಯವಿದೆ.

ಅವಳು ಅಳುವುದೇಕೆ ಎಂದು ನನಗೆ ಗೊತ್ತು. ಇಲ್ಲಿನ ಮಕ್ಕಳು ಈ ದೇಶದ ಇತಿಹಾಸವನ್ನು 5ನೇ ತರಗತಿಯಲ್ಲಿ ಒಮ್ಮೆ, 8ನೇ ತರಗತಿಯಲ್ಲಿ ಮತ್ತೊಮ್ಮೆ ಓದಿ, 11ರಲ್ಲಿ ಮೂರನೆಯ ಸಲ ಅದರ ಮುಂದೆ ಕೂರುತ್ತಾರೆ. ಲಿಂಕನ್, ಅಂತರ್ಯುದ್ಧ, ಅದಾದ ಮೇಲಿನ ಪುನರ್ನಿರ್ಮಾಣದ ಕಾಲ ಎಂದರೆ ಅವರಿಗೆ ನಮ್ಮ ಮಕ್ಕಳಿಗೆ ಕಿತ್ತೂರು ಚೆನ್ನಮ್ಮ ಇದ್ದ ಹಾಗೆ, ಯಾರೂ ವಿವರಿಸಬೇಕಾಗಿಲ್ಲ. ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದೊಂದಿಗೆ ಇತಿಹಾಸಕ್ಕೆ ಕೈ ಮುಗಿದು ಬಂದ ನಿಮ್ಮ ಮಗಳು ಮೊದಲ ಸಲಕ್ಕೇ ಅವರ ಜೊತೆ ಓಡಬೇಕಾಗಿದೆ. ಹೆಸರುಗಳನ್ನಾದರೆ ಅವಳು ಒಂದು ವಾರದಲ್ಲಿ ಕಲಿತಾಳು. ಶಿಕ್ಷಕರು ‘ನಿನಗೆ ಏನನ್ನಿಸುತ್ತದೆ, ಯಾವ ಆಧಾರದ ಮೇಲೆ?’ ಎಂದು ಕೇಳಿದಾಗ ನಾಲಿಗೆ ಒಣಗುತ್ತದಲ್ಲ, ನಿಜವಾದ ಕಷ್ಟ ಅಲ್ಲಿದೆ. ನಮಗೆ ಪಾಠದ ಕೊನೆಯ ಪ್ರಶ್ನೆಗೆ ಪಾಠದೊಳಗೇ ಉತ್ತರ ಇರುತ್ತಿತ್ತು, ಅದನ್ನು ಹುಡುಕಿ ಗೆರೆ ಎಳೆದು ಬಾಯಿಪಾಠ ಮಾಡಿದರೆ ಸಾಕಾಗುತ್ತಿತ್ತು.

ನನ್ನ ಕತೆ ಹೇಳುವುದು ಇಲ್ಲಿಯೇ. ನಾವು ಮಂಡ್ಯದವರು. ಎರಡು ಸಾವಿರದ ಇಸವಿ ಹತ್ತಿರವಾದಾಗ ಕಂಪ್ಯೂಟರುಗಳ ದಿನಾಂಕ ತಿದ್ದುವ ಕೆಲಸಕ್ಕೆಂದು ನಮ್ಮ ತಂದೆಯವರಿಗೆ ಕರೆ ಬಂದು, 1999ರ ಜನವರಿಯಲ್ಲಿ ನಾವು ಇಲ್ಲಿಗೆ ಇಳಿದೆವು. ಏಪ್ರಿಲ್‌ನಲ್ಲಿ ಇತಿಹಾಸದ ಶಿಕ್ಷಕರು ಪ್ರತಿಯೊಬ್ಬರಿಗೂ ಒಂದು ಪ್ರಬಂಧ ಹಾಕಿದರು: ನಿಮ್ಮ ಮನೆತನದ ಅಥವಾ ಊರಿನ ಇತಿಹಾಸ ಅಮೆರಿಕದ ಇತಿಹಾಸವನ್ನು ಎಲ್ಲಾದರೂ ಸಂಧಿಸುತ್ತದೆಯೇ, ಬರೆಯಿರಿ. ನನಗೆ ವಿಷಯ ತಕ್ಷಣ ಹೊಳೆಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ ಮತ್ತು ಫ್ರೆಂಚರ ಸೇನೆಗೆ ಶರಣಾದ ಬ್ರಿಟಿಷ್ ಸೇನಾಪತಿ, ಅದೇ ಕಾರ್ನ್‌ವಾಲಿಸ್, ಹತ್ತು ವರ್ಷ ಕಳೆಯುವುದರೊಳಗೆ ಗವರ್ನರ್ ಜನರಲ್ ಆಗಿ ನಮ್ಮ ನಾಡಿಗೆ ಬಂದು, 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಯನ್ನು ಒಡೆದು, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೇಳಿ, ಅವನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಕರೆದೊಯ್ದ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಶಾಲೆಯ ಪ್ರವಾಸದಲ್ಲಿ ದರಿಯಾ ದೌಲತ್ತಿನ ಗೋಡೆಯ ಚಿತ್ರಗಳ ಮುಂದೆ ನಿಂತಿದ್ದೆ, ಅಜ್ಜನ ಕೈ ಹಿಡಿದು ಸಂಗಮದಲ್ಲಿ ನೀರಿಗಿಳಿದಿದ್ದೆ.

ಆದರೆ ಅದನ್ನು ಬರೆಯಲು ಧೈರ್ಯ ಬರಲಿಲ್ಲ. ಊರಿನ ಗ್ರಂಥಾಲಯಕ್ಕೆ ಹೋಗಿ ವಿಶ್ವಕೋಶದಲ್ಲಿ ಕಾರ್ನ್‌ವಾಲಿಸನ ಲೇಖನ ತೆಗೆದು, ಮೂರು ಪುಟಗಳನ್ನು ಒಂದು ಅಲ್ಪವಿರಾಮವೂ ತಪ್ಪದಂತೆ ದುಂಡು ಅಕ್ಷರದಲ್ಲಿ ಇಳಿಸಿಕೊಂಡೆ. ಎಲ್ಲಿಂದ ತೆಗೆದದ್ದು ಎಂದು ಬರೆಯಬೇಕೆಂಬುದು ನನಗೆ ತಿಳಿದಿರಲಿಲ್ಲ. ಮಂಡ್ಯದಲ್ಲಾಗಿದ್ದರೆ ಅದಕ್ಕೆ ಪೂರ್ಣಾಂಕ ಸಿಗುತ್ತಿತ್ತು. ಇಲ್ಲಿ ಸೊನ್ನೆ ಬಂತು, ತಂದೆಯವರಿಗೆ ಶಾಲೆಯಿಂದ ಕರೆಯೂ ಬಂತು. ಕೃತಿಚೌರ್ಯಕ್ಕೆ ಅಲ್ಲಿ ಅವರು ಬಳಸಿದ ಇಂಗ್ಲಿಷ್ ಪದ ನಮ್ಮಿಬ್ಬರಿಗೂ ಹೊಸದು. ಮನೆಗೆ ಬಂದು ನಿಘಂಟು ನೋಡಿ, ಅರ್ಥದಲ್ಲಿ ಕಳವು ಎಂದಿದ್ದುದನ್ನು ಕಂಡು ತಂದೆಯವರು ಆ ರಾತ್ರಿ ಊಟ ಮಾಡಲಿಲ್ಲ. ಎರಡು ವಾರಗಳೊಳಗೆ ಮತ್ತೆ ಬರೆದು ಕೊಡಬಹುದು ಎಂದು ಶಿಕ್ಷಕರು ಸ್ಪಷ್ಟವಾಗಿ ಹೇಳಿದ್ದರು, ಅದು ನಮ್ಮ ಕಿವಿಗೆ ಬೀಳಲೇ ಇಲ್ಲ. ಮಗಳನ್ನು ಕಳ್ಳಿ ಎಂದವರ ಮುಂದೆ ಅವಳು ಇನ್ನೊಂದು ದಿನವೂ ಕೂರಬಾರದು ಎಂದು ತಂದೆಯವರು ಹಟ ಹಿಡಿದು ನನ್ನನ್ನು ಆ ತರಗತಿಯಿಂದ ಬಿಡಿಸಿದರು. ನಾನೂ ಬೇಡವೆನ್ನಲಿಲ್ಲ. ವರ್ಷದ ಕೊನೆಯ ಐದು ವಾರ ಆ ಅವಧಿಯಲ್ಲಿ ಗ್ರಂಥಾಲಯದಲ್ಲಿ ಒಬ್ಬಳೇ ಕೂತೆ. ಬೇಸಿಗೆಯಲ್ಲಿ ಖಾಲಿ ಜಾಗ ತುಂಬುವ ಹಾಳೆಗಳನ್ನು ತುಂಬಿಸಿ ಆರು ವಾರದಲ್ಲಿ ಕ್ರೆಡಿಟ್ ಪಡೆದೆ.

ಆ ಪ್ರಬಂಧ ಇನ್ನೂ ನನ್ನ ಬಳಿ ಇದೆ. ಕೊನೆಯ ಪುಟದ ಅಂಚಿನಲ್ಲಿ ಶಿಕ್ಷಕರು ಬರೆದದ್ದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ನೀನು ಈ ಶ್ರೀರಂಗಪಟ್ಟಣವನ್ನು ಕಣ್ಣಾರೆ ನೋಡಿದ್ದೀಯಾ, ನೋಡಿದ್ದರೆ ಅದನ್ನು ಬರೆ, ಈ ತರಗತಿಯಲ್ಲಿ ಬೇರೆ ಯಾರೂ ಅದನ್ನು ಬರೆಯಲಾರರು ಎಂದಿತ್ತು.

ಆ ಐದು ವಾರಗಳಲ್ಲಿ ನಾನು ಏನನ್ನು ಕಳೆದುಕೊಂಡೆ ಎಂಬುದನ್ನೂ ಹೇಳಬೇಕು. ಪಠ್ಯ ಕಾಲಾನುಕ್ರಮದಲ್ಲಿ ಸಾಗುವುದರಿಂದ ಏಪ್ರಿಲ್, ಮೇ ತಿಂಗಳ ಹೊತ್ತಿಗೆ ತರಗತಿ 1950, 60ರ ದಶಕಗಳಿಗೆ ಬಂದಿರುತ್ತದೆ: ಕರಿಯರ ಮಕ್ಕಳಿಗೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದ 1954ರ ತೀರ್ಪು, ಬಸ್ಸಿನಲ್ಲಿ ಕರಿಯರನ್ನು ಬೇರೆ ಕೂರಿಸುವುದರ ವಿರುದ್ಧ 1955ರಲ್ಲಿ ಶುರುವಾದ ಮಾಂಟ್ಗೊಮರಿಯ ಬಸ್ ಬಹಿಷ್ಕಾರ, ಗಾಂಧೀಜಿಯ ದಾರಿಯನ್ನು ತನ್ನದಾಗಿಸಿಕೊಂಡು 1959ರಲ್ಲಿ ಭಾರತಕ್ಕೂ ಬಂದುಹೋದ ಮಾರ್ಟಿನ್ ಲೂಥರ್ ಕಿಂಗ್, 1964ರ ನಾಗರಿಕ ಹಕ್ಕುಗಳ ಕಾಯ್ದೆ. ಅದರ ಬೆನ್ನಿಗೇ ಬಂದದ್ದು ವಲಸೆಯ ಕಾಯ್ದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ, ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಸಿಖ್ಖರೊಬ್ಬರಿಗೆ, ನೀವು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟು ಹೇಳಿತ್ತು. 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತಾದರೂ ವಲಸೆಗೆ ಕೊಟ್ಟದ್ದು ಇಡೀ ದೇಶಕ್ಕೆ ವರ್ಷಕ್ಕೆ 100 ಜಾಗ. ಹುಟ್ಟಿದ ದೇಶವನ್ನು ನೋಡಿ ಜಾಗ ಅಳೆದುಕೊಡುವ ಆ ಪದ್ಧತಿಯನ್ನು ತೆಗೆದುಹಾಕಿದ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಸಹಿ ಹಾಕಿದರು. ನಿಮ್ಮ ಯಜಮಾನರ ಕೆಲಸದ ವೀಸಾ 1990ರ ಕಾಯ್ದೆಯ ಕೂಸು, ನಿಜ. ಆದರೆ ನಮ್ಮಂಥವರು ಸಾವಿರ ಸಾವಿರ ಮನೆಗಳಾಗಿ ಇಲ್ಲಿ ನೆಲೆಸಲು ದಾರಿ ಮಾಡಿದ್ದು 1965ರ ಆ ಸಹಿ. ಆ ಸಹಿಗೆ ಬೆಲೆ ತೆತ್ತವರು ಬಸ್ಸು ಬಿಟ್ಟು ತಿಂಗಳುಗಟ್ಟಲೆ ನಡೆದ ಕರಿಯರು ಎಂಬುದನ್ನು ನಾನು ಹದಿನಾರರಲ್ಲಿ ತಿಳಿಯಬೇಕಿತ್ತು. ತಿಳಿದದ್ದು ಹನ್ನೆರಡು ವರ್ಷಗಳ ಮೇಲೆ, ಪೌರತ್ವದ ಸಂದರ್ಶನಕ್ಕೆಂದು ಇತಿಹಾಸದ ಪುಸ್ತಕ ಹಿಡಿದಾಗ. ಅಷ್ಟು ಕಾಲ ನಾವು ನಮ್ಮ ಮಾರ್ಕ್ಸ್ ಕಾರ್ಡಿನ ಬಲದಿಂದಲೇ ಇಲ್ಲಿಗೆ ಬಂದವರು ಎಂದು ನಂಬಿ, ಕೆಲವರ ಬಗ್ಗೆ ಹಗುರವಾಗಿಯೂ ಮಾತಾಡಿದ್ದೇನೆ. ಅದು ಈಗಲೂ ಚುಚ್ಚುತ್ತದೆ.

ಥಿಂಡ್ ಅವರ ವಿಷಯವನ್ನು ತಂದೆಯವರಿಗೆ ಓದಿ ಹೇಳಿದ ದಿನ ಅವರು ಬಹಳ ಹೊತ್ತು ಸುಮ್ಮನಿದ್ದು, “ಆ ಮೇಷ್ಟ್ರನ್ನು ಇನ್ನೊಂದು ಸಲ ಹೋಗಿ ಕಾಣಬೇಕಿತ್ತು ಮಗಳೇ” ಎಂದರು. ಅಷ್ಟರಲ್ಲಿ ಆ ಶಿಕ್ಷಕರು ನಿವೃತ್ತರಾಗಿ ಊರು ಬಿಟ್ಟಿದ್ದರು.

ಈಗ ನಿಮ್ಮ ಮಗಳ ವಿಷಯ. ಕೌನ್ಸೆಲರ್ ಹತ್ತಿರ ಹೋಗುವ ಮೊದಲು ಇತಿಹಾಸದ ಶಿಕ್ಷಕರನ್ನು ಭೇಟಿ ಮಾಡಿ, ಮಗಳನ್ನೂ ಕರೆದುಕೊಂಡು ಹೋಗಿ. ಊರಿನಲ್ಲಿ ಮೇಷ್ಟ್ರ ಮುಂದೆ ಪೋಷಕರು ಕೈ ಕಟ್ಟಿ ನಿಲ್ಲುವುದು ರೂಢಿ. ಇಲ್ಲಿ ಕುರ್ಚಿ ಕೊಟ್ಟು ಕೂರಿಸುತ್ತಾರೆ, ಕೂತು ಮಾತಾಡಿ. ಇವಳು ಈ ವಿಷಯವನ್ನು ಮೊದಲ ಸಲ ಓದುತ್ತಿದ್ದಾಳೆ ಎಂದು ತಿಳಿಸಿ, 8ನೇ ತರಗತಿಯ ಪುಸ್ತಕವನ್ನು ಮನೆಗೆ ಕೊಡಲಾಗುವುದೇ ಎಂದು ಕೇಳಿ. ಅದನ್ನು ಶನಿವಾರ, ಭಾನುವಾರ ಒಂದೊಂದು ಅಧ್ಯಾಯದಂತೆ ಓದಿದರೆ ಹೆಸರುಗಳ ಭಯ ಕಳೆಯುತ್ತದೆ. ಬರೆಯುವಾಗ ಪುಸ್ತಕ ಮುಚ್ಚಿ, ಓದಿದ್ದನ್ನು ಮೊದಲು ನಿಮಗೆ ಕನ್ನಡದಲ್ಲಿ ಹೇಳಲಿ. ಆಮೇಲೆ ತನ್ನ ಇಂಗ್ಲಿಷಿನಲ್ಲಿ, ಅದು ಎಷ್ಟೇ ಒರಟಾಗಿರಲಿ, ಬರೆಯಲಿ. ಪುಸ್ತಕದ ಮಾತನ್ನು ಹಾಗೆಯೇ ಎತ್ತಿಕೊಂಡಲ್ಲಿ ಉದ್ಧರಣ ಚಿಹ್ನೆ ಹಾಕಿ, ಯಾವ ಪುಸ್ತಕ, ಯಾವ ಪುಟ ಎಂದು ಕಾಣಿಸಲಿ. ಮಾತು ತನ್ನದಾಗಿದ್ದು ವಿಚಾರ ಇನ್ನೊಬ್ಬರದಾಗಿದ್ದರೂ ಹೆಸರು ಹೇಳಬೇಕು. ಈ ಒಂದನ್ನು ಇವತ್ತು ರಾತ್ರಿಯೇ ಅವಳಿಗೆ ಹೇಳಿ, ಏಕೆಂದರೆ ಶಾಲೆಯವರು ಇದನ್ನು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದೇ ಎಣಿಸಿರುತ್ತಾರೆ.

ವರ್ಷದ ಕೊನೆಗೆ ಅವಳಿಗೂ ಒಂದು ದೊಡ್ಡ ಪ್ರಬಂಧ ಇರಬಹುದು. ವಿಷಯವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ, 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ಹೈದರ್ ಅಲಿ ಎಂದು ಅವಳಿಗೆ ತಿಳಿಸಿ. ಬ್ರಿಟಿಷರೊಡನೆ ಹೋರಾಡುತ್ತಿದ್ದ ಈ ದೇಶದ ಜನ ತಮ್ಮ ಹಡಗಿಗೆ ಮೈಸೂರಿನ ದೊರೆಯ ಹೆಸರನ್ನೇಕೆ ಇಟ್ಟರು ಎಂಬ ಪ್ರಶ್ನೆಯನ್ನು ಅವಳೇ ಶಿಕ್ಷಕರ ಮುಂದಿಡಲಿ.