ಇಎನ್ 24 ಶಾಫ್ಟ್ ನೀರಿಗೆ ಬಿಟ್ಟರೆ ಯಾಕೆ ಸೀಳುತ್ತದೆ?

ಪ್ರಶ್ನೆ: ಆಲೆಮನೆ ಗಾಣಗಳಿಗೆ ಶಾಫ್ಟ್ ಮಾಡಿಕೊಡುತ್ತೇನೆ. ಇಷ್ಟು ದಿನ ಇಎನ್ 8 ಎಂಬ ಸಾದಾ ಸ್ಟೀಲ್ ಬಳಸುತ್ತಿದ್ದೆ. ತಿರುಚಿಕೊಳ್ಳುತ್ತದೆ ಎಂದು ದೂರು ಬಂತು. ಅದಕ್ಕೇ ಜಾಸ್ತಿ ದುಡ್ಡು ಕೊಟ್ಟು 75 ಮಿ.ಮೀ. ದಪ್ಪದ ಇಎನ್ 24 ತಂದೆ. ಮೊದಲಿನ ಹಾಗೇ ಕಾಯಿಸಿ ನೀರಿಗೆ ಬಿಟ್ಟೆ. ಬೆಳಗ್ಗೆ ನೋಡಿದರೆ ಕೀವೇ (ಕೀ ಕೂರಿಸಲು ಕೊರೆದ ಗಾಡಿ) ಮೂಲೆಯಿಂದ ಉದ್ದಕ್ಕೆ ಬಿರುಕು! ನಿಕ್ಕಲ್, ಕ್ರೋಮಿಯಂ ಇರುವ ಸ್ಟೀಲ್ ಹೀಗಾಗುವುದೇಕೆ? ಕ್ರೋಮಿಯಂ ಇದ್ದರೂ ತುಕ್ಕು ಹಿಡಿಯುತ್ತದಲ್ಲ?
– ಓದುಗರು, ಮಂಡ್ಯ

ಉತ್ತರ: ಮಾಲು ಕೆಟ್ಟದ್ದು ಅನ್ನುವುದಕ್ಕೆ ಇದರಲ್ಲಿ ಕಾರಣ ಕಾಣುವುದಿಲ್ಲ. ಇಎನ್ 24ಕ್ಕೆ ನೀರು ಆಗಿಬರುವುದಿಲ್ಲ, ಅಷ್ಟೆ.

ಎರಡೂ ಸ್ಟೀಲಿನಲ್ಲಿ ಇಂಗಾಲ ಹೆಚ್ಚುಕಮ್ಮಿ ಒಂದೇ, ಸುಮಾರು ಶೇ 0.4. ಹಾರ್ಡನಿಂಗ್ (ಕಾಯಿಸಿ ಬೇಗ ಆರಿಸುವುದು) ಮಾಡಿದಾಗ ಎಷ್ಟು ಗಟ್ಟಿಯಾಗಬಲ್ಲದು ಅನ್ನುವುದನ್ನು ತೀರ್ಮಾನಿಸುವುದು ಇಂಗಾಲವೇ. ಹಾಗಾದರೆ ನಿಕ್ಕಲ್, ಕ್ರೋಮಿಯಂಗೆ ಕೊಟ್ಟ ದುಡ್ಡು ಯಾತಕ್ಕೆ? ಸಮಯಕ್ಕೆ.

850 ಡಿಗ್ರಿ ಹತ್ತಿರ ಕಾಯಿಸಿದಾಗ ಇಂಗಾಲವೆಲ್ಲ ಕಬ್ಬಿಣದೊಳಗೆ ಕರಗಿರುತ್ತದೆ. ಈ ಸ್ಥಿತಿಗೆ ಆಸ್ಟೆನೈಟ್ ಎಂದು ಹೆಸರು. ನಿಧಾನಕ್ಕೆ ಆರಿದರೆ ಇಂಗಾಲ ಹೊರಬಂದು, ಕಬ್ಬಿಣದ ಪದರ, ಕಾರ್ಬೈಡ್ (ಕಬ್ಬಿಣ, ಇಂಗಾಲ ಸೇರಿದ ವಸ್ತು) ಪದರ ಒಂದರ ಪಕ್ಕ ಒಂದು ಕೂರುತ್ತವೆ. ಇದೇ ಪರ್ಲೈಟ್. ತುಂಡನ್ನು ಪಾಲಿಶ್ ಮಾಡಿ, ಸ್ಪಿರಿಟ್‌ನಲ್ಲಿ ಬೆರೆಸಿದ ತೆಳು ನೈಟ್ರಿಕ್ ಆಸಿಡ್ ಸವರಿ ಮೈಕ್ರೊಸ್ಕೋಪ್‌ನಲ್ಲಿ ನೋಡಿದರೆ ಬೆರಳಚ್ಚಿನಂಥ ಗೆರೆಗಳು ಕಾಣುತ್ತವೆ. ಬೇಗ ಆರಿಸಿದರೆ ಇಂಗಾಲಕ್ಕೆ ಹೊರಬರಲು ಬಿಡುವೇ ಸಿಗದೆ ಒಳಗೇ ಸಿಕ್ಕಿಬೀಳುತ್ತದೆ. ಆಗ ಆಗುವುದು ಮಾರ್ಟೆನ್ಸೈಟ್. ಅದು ತುಂಬಾ ಗಟ್ಟಿ, ಅಷ್ಟೇ ಪೆಡಸು. ಅದು ಹುಟ್ಟುವಾಗ ಉಕ್ಕು ಒಂದಿಷ್ಟು ಹಿಗ್ಗುತ್ತದೆ ಕೂಡ.

ಇಎನ್ 8ರಲ್ಲಿ ಪರ್ಲೈಟ್ ಶುರುವಾಗಲು ಒಂದೆರಡು ಸೆಕೆಂಡು ಸಾಕು. ಹಾಗಾಗಿ ನೀರಿಗೆ ಹಾಕಿದರೂ ಮೇಲಿನ ಕೆಲವೇ ಮಿ.ಮೀ. ಗಟ್ಟಿಯಾಗುತ್ತದೆ, ತಿರುಳು ಮೆತ್ತಗೇ ಉಳಿಯುತ್ತದೆ. ನಿಮ್ಮ ಹಳೇ ಶಾಫ್ಟ್ ತಿರುಚಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ಇಎನ್ 24ರಲ್ಲಿ ಶೇ 1.5ರಷ್ಟು ನಿಕ್ಕಲ್, ಶೇ 1.2ರಷ್ಟು ಕ್ರೋಮಿಯಂ, ಶೇ 0.25ರಷ್ಟು ಮಾಲಿಬ್ಡಿನಂ ಇವೆ. ಮೂರೂ ಸೇರಿ ಪರ್ಲೈಟನ್ನು ತಡೆದು ನಿಲ್ಲಿಸುತ್ತವೆ. ಎಣ್ಣೆಯಲ್ಲಿ ನಿಧಾನಕ್ಕೆ ಆರಿದರೂ ಗಟ್ಟಿತನ ಆಳಕ್ಕೆ ಇಳಿಯುತ್ತದೆ.

ನೀರಿನಲ್ಲಿ ಆಗಿದ್ದೇನು? ಮೇಲ್ಮೈ ಮೊದಲು ಗಟ್ಟಿಯಾಯಿತು. ಆಮೇಲೆ ತಿರುಳೂ ಮಾರ್ಟೆನ್ಸೈಟ್ ಆಗಿ ಹಿಗ್ಗಿತು. ಗಟ್ಟಿಯಾದ ಹೊರಮೈ ಜಗ್ಗುವುದಿಲ್ಲ, ಸೀಳುತ್ತದೆ. ಎಳೆತವೆಲ್ಲ ಕೀವೇಯ ಚೂಪು ಮೂಲೆಯಲ್ಲಿ ಒಟ್ಟುಗೂಡುತ್ತದೆ, ಅದಕ್ಕೇ ಅಲ್ಲಿಂದ ಶುರು. ಟೆಂಪರಿಂಗ್ (ಪೆಡಸು ತಗ್ಗಿಸಲು ಮತ್ತೆ ಹದವಾಗಿ ಕಾಯಿಸುವುದು) ಮಾಡದೆ ರಾತ್ರಿಯಿಡೀ ಬಿಟ್ಟಿದ್ದರಂತೂ ಇನ್ನೂ ಅಪಾಯ.

ಈ ತಡೆಯುವ ಗುಣ ಎಲ್ಲಿಯವರೆಗೆ ಹೋಗಬಲ್ಲದು ಗೊತ್ತಾ? 1882ರಲ್ಲಿ ಇಂಗ್ಲೆಂಡಿನ ಲೋಹತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಮಾಡಿದ ಸ್ಟೀಲಿನಲ್ಲಿ ಶೇ 12ರಷ್ಟು ಮ್ಯಾಂಗನೀಸ್ ಇದೆ. ಕಾಯಿಸಿ ನೀರಿಗೆ ಹಾಕಿದರೂ ಅದು ಆಸ್ಟೆನೈಟ್ ಆಗಿಯೇ ಉಳಿಯುತ್ತದೆ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ಪೆಟ್ಟು ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುತ್ತದೆ. ಜಲ್ಲಿ ಕ್ರಷರಿನ ದವಡೆಗೆ ಹಾಕುವುದು ಅದನ್ನೇ. ನನಗೆ ಉಕ್ಕಿನ ಲೋಕದಲ್ಲಿ ಇದಕ್ಕಿಂತ ಸೋಜಿಗದ್ದು ಇನ್ನೊಂದಿಲ್ಲ.

ನಿಕ್ಕಲ್ ಕಾರ್ಬೈಡ್ ಕಟ್ಟುವುದಿಲ್ಲ. ಕಬ್ಬಿಣದಲ್ಲೇ ಕರಗಿದ್ದು, ಪೆಟ್ಟು ತಾಳುವ ಶಕ್ತಿ ಕೊಡುತ್ತದೆ. ಮಾಲಿಬ್ಡಿನಂ ಸ್ವಲ್ಪವೇ ಇದ್ದರೂ ಕೆಲಸ ದೊಡ್ಡದು. ನಿಕ್ಕಲ್-ಕ್ರೋಮಿಯಂ ಸ್ಟೀಲ್ ಟೆಂಪರಿಂಗ್ ಆಗಿ ನಿಧಾನ ಆರುವಾಗ ಪೆಡಸಾಗುವುದನ್ನು ಅದು ತಗ್ಗಿಸುತ್ತದೆ.

ತುಕ್ಕಿನ ವಿಷಯ: ಸ್ಟೇನ್‌ಲೆಸ್ ಆಗಲು ಕಡೇಪಕ್ಷ ಶೇ 10.5 ಕ್ರೋಮಿಯಂ ಬೇಕು. ಒಂದು ಚಿಲ್ಲರೆ ಯಾವ ಮೂಲೆಗೂ ಸಾಲದು.

ಮುಂದಿನ ಸಲ ಇಎನ್ 24ಟಿ ಕೇಳಿ ತನ್ನಿ. ಹಾರ್ಡನಿಂಗ್, ಟೆಂಪರಿಂಗ್ ಎರಡೂ ಆಗಿಯೇ ಬರುತ್ತದೆ, ಸುಮ್ನೆ ಲೇತ್‌ಗೆ ಹಾಕಿದರಾಯಿತು. ನಿಮ್ಮ ಕೆಲಸಕ್ಕೆ ಅದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ನೀವೇ ಮಾಡುವುದಾದರೆ 820ರಿಂದ 850 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ಆರಿಸಿ. ಕೈಗೆ ಬಿಸಿ ತಾಗುತ್ತಿರುವಾಗಲೇ ಸುಮಾರು 600 ಡಿಗ್ರಿಯಲ್ಲಿ ಟೆಂಪರ್ ಮಾಡಿ. 250ರಿಂದ 400ರ ನಡುವೆ ಬೇಡ, ಪೆಡಸಾಗುತ್ತದೆ. ಕೀವೇ ಮೂಲೆಗೆ ಸ್ವಲ್ಪ ರೇಡಿಯಸ್ ಕೊಡಿ, ಅಂದರೆ ಚೂಪು ತೆಗೆದು ದುಂಡು ಮಾಡಿ.

ಸೀಳಿದ ಶಾಫ್ಟನ್ನು ವೆಲ್ಡ್ ಮಾಡಿ ಯಾರಿಗೂ ಕೊಡಬೇಡಿ. ವೆಲ್ಡಿನ ಪಕ್ಕದ ಜಾಗ ಗಾಳಿಯಲ್ಲಿ ಆರುವಾಗಲೂ ಮಾರ್ಟೆನ್ಸೈಟ್ ಆಗಿ ಮತ್ತೆ ಬಿರುಕು ಬಿಡುತ್ತದೆ, ಅದೂ ಗಾಣ ಓಡುತ್ತಿರುವಾಗ.