ನಾಲ್ಕನೇ ಗೇಮಿಗೆ ಕಾಲು ಯಾಕೆ ಏಳುವುದಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ್ದು. ಟೇಬಲ್ ಟೆನಿಸ್ ಆಡುವವರು ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೈನಿಂಗ್, ಅಂದರೆ ಎಲ್ಲರ ಬಾಯಲ್ಲಿರುವ ‘ಹಿಟ್’ (ಸ್ವಲ್ಪ ಹೊತ್ತು ಪೂರ್ತಿ ಜೋರು, ಸ್ವಲ್ಪ ಬಿಡುವು, ಮತ್ತೆ ಜೋರು), ಎಷ್ಟು ಮಾಡಬೇಕು? ಕ್ಲಿನಿಕ್ಕಿನಲ್ಲೂ ಇದೇ, ಮದುವೆ ಮನೆ ಊಟದ ಪಂಕ್ತಿಯಲ್ಲೂ ಇದೇ. ಇವತ್ತು ಒಂದೇ ಸಲ ಬರೆದುಬಿಡುತ್ತೇನೆ. ವಾರ್ಮಪ್ ಹೇಗೆ, ಶೂ ಎಂಥದ್ದು ಅಂತ ಇಲ್ಲಿ ಹೇಳುವುದಿಲ್ಲ. ಅದಿನ್ನೂ ಗೊತ್ತಿಲ್ಲದವರು ಹಿಟ್ ಸುದ್ದಿಗೇ ಬರಬೇಡಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 14 ವರ್ಷ. ದಿನಾ ಬೆಳಿಗ್ಗೆ ಟೆರೇಸ್ ಮೇಲೆ ಟಬಾಟಾ ಮಾಡಿಸುತ್ತಿದ್ದೇನೆ. ಬರ್ಪಿ, ಜಂಪ್ ಸ್ಕ್ವಾಟ್, 20 ಸೆಕೆಂಡು ಮಾಡಿ 10 ಸೆಕೆಂಡು ಬಿಡುವು. ಆದರೂ ಮ್ಯಾಚಿನ ನಾಲ್ಕನೇ ಗೇಮಿನಲ್ಲಿ ಅವನ ಕಾಲೇ ಏಳುವುದಿಲ್ಲ. ಇನ್ನೂ ಎಷ್ಟು ಸೆಟ್ ಜಾಸ್ತಿ ಮಾಡಿಸಲಿ? (ಒಬ್ಬ ತಂದೆ, ರಾಜಾಜಿನಗರ)

ಒಂದೂ ಬೇಡ. ಇರುವುದನ್ನೂ ನಾಳೆಯಿಂದ ನಿಲ್ಲಿಸಿ.

ಟಬಾಟಾ ಅನ್ನುವುದು ಜಪಾನಿನ ವಿಜ್ಞಾನಿ ಇಜುಮಿ ಟಬಾಟಾ ಅವರ ಹೆಸರು. ಅವರ ಅಧ್ಯಯನ ಅಚ್ಚಾದದ್ದು 1996ರಲ್ಲಿ. ಆ ವ್ಯಾಯಾಮ ಬಂದದ್ದು ಸ್ಪೀಡ್ ಸ್ಕೇಟಿಂಗ್ ತಂಡದಿಂದ. ಪ್ರಯೋಗಾಲಯದಲ್ಲಿ ಅದನ್ನು ಮಾಡಿದ್ದು ಒಂದೇ ಕಡೆ ನಿಂತ ಸೈಕಲ್ ಮೇಲೆ. ಏಳೆಂಟು ಸುತ್ತಿಗೆ ಪೆಡಲ್ ತುಳಿಯಲು ಆಗದಷ್ಟು ಭಾರ ಇಟ್ಟಿದ್ದರು. ಅಲ್ಲಿ ಬರ್ಪಿ ಇರಲಿಲ್ಲ, ಸಿಮೆಂಟ್ ಟೆರೇಸ್ ಇರಲಿಲ್ಲ, ಎಂಟನೇ ಕ್ಲಾಸ್ ಹುಡುಗನೂ ಇರಲಿಲ್ಲ. ಮೊಬೈಲಿನಲ್ಲಿ ಟಣ್ ಅಂತ ಗಂಟೆ ಹೊಡೆಯುವ ಆ್ಯಪ್ ಇದ್ದ ಮಾತ್ರಕ್ಕೆ ಅದು ಟಬಾಟಾ ಆಗುವುದಿಲ್ಲ.

ಈಗ ನಿಮ್ಮ ಮಗನ ಆಟ ನೋಡೋಣ. ಒಂದು ರ‍್ಯಾಲಿ ಸಾಮಾನ್ಯವಾಗಿ ಮೂರು ನಾಲ್ಕು ಸೆಕೆಂಡು, ಅಷ್ಟೇ. ಆಮೇಲೆ ಬಾಲ್ ಹೆಕ್ಕಿಕೊಂಡು ಬರಬೇಕು, ಕೈ ಒರೆಸಬೇಕು, ಎದುರಾಳಿ ಸರ್ವ್‌ಗೆ ನಿಲ್ಲಬೇಕು. ಆರು ಪಾಯಿಂಟಿಗೊಮ್ಮೆ ಟವಲ್ ಹಿಡಿಯಬಹುದು. ಗೇಮ್ ಮುಗಿದ ಮೇಲೆ ಒಂದು ನಿಮಿಷ ಬಿಡುವು. ಅಂದರೆ ಈ ಆಟದಲ್ಲಿ ದುಡಿತಕ್ಕಿಂತ ಬಿಡುವೇ ಉದ್ದ. ನೀವು ಮಾಡಿಸುತ್ತಿರುವುದು ಇದರ ತಿರುಗುಮುರುಗು: 20 ದುಡಿತ, 10 ಬಿಡುವು.

ಆ ಮೂರು ಸೆಕೆಂಡಿನ ಸಿಡಿತಕ್ಕೆ ಸ್ನಾಯುವಿನಲ್ಲೇ ಒಂದಿಷ್ಟು ಶಕ್ತಿ ಕೂಡಿಟ್ಟಿರುತ್ತದೆ. ಖರ್ಚಾದದ್ದನ್ನು ಮುಂದಿನ ಸರ್ವ್‌ನೊಳಗೆ ಮತ್ತೆ ತುಂಬಿಸುವುದು ಉಸಿರಾಟದಿಂದ ಬರುವ ಆಮ್ಲಜನಕ. ಈ ತುಂಬಿಸುವ ಕೆಲಸ ನಿಧಾನವಾದರೆ ಪ್ರತಿ ಪಾಯಿಂಟಿಗೂ ಸ್ವಲ್ಪ ಸ್ವಲ್ಪ ಸಾಲ ಉಳಿಯುತ್ತದೆ. ಮೊದಲ ಗೇಮಿನಲ್ಲಿ ಅದು ಕಾಣುವುದಿಲ್ಲ. ನಾಲ್ಕನೆಯದರಲ್ಲಿ ಕಾಣುತ್ತದೆ. ಹುಡುಗ ಮಂಡಿ ಬಗ್ಗಿಸುವುದನ್ನು ಬಿಟ್ಟು ನೆಟ್ಟಗೆ ನಿಲ್ಲುತ್ತಾನೆ. ಹೆಜ್ಜೆ ಹಾಕುವ ಬದಲು ಕೈ ಚಾಚುತ್ತಾನೆ. ನೀವು ಗ್ಯಾಲರಿಯಿಂದ ‘ಮೂವ್ ಮಾಡೋ’ ಅಂತ ಕೂಗುತ್ತೀರಿ, ಅಲ್ವಾ?

ಹಾಗಾಗಿ ಮೊದಲ ಔಷಧಿ ಬೇಸರದ್ದು. ವಾರಕ್ಕೆ ಎರಡು ದಿನ, 30ರಿಂದ 40 ನಿಮಿಷ, ಮಾತಾಡಿಕೊಂಡೇ ಓಡಬಹುದಾದಷ್ಟು ನಿಧಾನದ ಓಟ. ಮಣ್ಣಿನ ಮೈದಾನವಾದರೆ ಇನ್ನೂ ಒಳ್ಳೆಯದು. ಇದನ್ನು ವಿಡಿಯೊ ಮಾಡಿ ಹಾಕಿದರೆ ಯಾರೂ ನೋಡುವುದಿಲ್ಲ. ಅದಕ್ಕೇ ಯಾರೂ ಹೇಳಿಕೊಡುವುದೂ ಇಲ್ಲ.

ಇನ್ನು ಹಿಟ್. ಅದು ಟೇಬಲ್ ಹತ್ತಿರವೇ ಆಗಲಿ, ಬ್ಯಾಟ್ ಕೈಯಲ್ಲೇ ಇರಲಿ. ಮಲ್ಟಿಬಾಲ್‌ಗಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಕೋಚ್ ಬಕೆಟ್ಟಿನಿಂದ ಬಾಲ್ ತೆಗೆದು ಒಂದು ಸಲ ಫೋರ್‌ಹ್ಯಾಂಡ್ ಮೂಲೆಗೆ, ಒಂದು ಸಲ ಬ್ಯಾಕ್‌ಹ್ಯಾಂಡ್ ಮೂಲೆಗೆ ಬಿಡಲಿ. 10 ಸೆಕೆಂಡು ಪೂರ್ತಿ ಜೋರು, 20 ಸೆಕೆಂಡು ಬಿಡುವು. ಹೀಗೆ ಎಂಟು ಸಲ ಆದರೆ ನಾಲ್ಕು ನಿಮಿಷದ ಒಂದು ಸುತ್ತು. ಆಮೇಲೆ ಮೂರು ನಿಮಿಷ ಸುಮ್ನೆ ಓಡಾಡಲಿ, ನೀರು ಕುಡಿಯಲಿ. ಮೊದಲ ಎರಡು ವಾರ ಎರಡೇ ಸುತ್ತು, ಆಮೇಲೆ ಮೂರು. ವಾರಕ್ಕೆ ಎರಡು ಸಲ, ನಡುವೆ ಕನಿಷ್ಠ ಎರಡು ದಿನ ಬಿಟ್ಟು. ಹೊಸ ಹೊಡೆತ ಕಲಿಯುವ ಮುಂಚೆ ಬೇಡ, ಕಲಿತಾದ ಮೇಲೆ. ಟೂರ್ನಿಗೆ ಎರಡು ದಿನ ಇರುವಾಗ ಬೇಡವೇ ಬೇಡ. ಪರೀಕ್ಷೆ ಅಂತ ಹುಡುಗ ಐದು ಗಂಟೆ ಮಾತ್ರ ಮಲಗುವ ವಾರವೂ ಬೇಡ.

ಟೇಬಲ್ ಸಿಗಲಿಲ್ಲವೇ? ನೆಲದ ಮೇಲೆ ಎರಡೂವರೆ ಮೀಟರ್ ಅಂತರದಲ್ಲಿ ಸೀಮೆಸುಣ್ಣದಿಂದ ಎರಡು ಗೆರೆ ಎಳೆಯಿರಿ. ಅದರ ಮಧ್ಯೆ ಅಡ್ಡಡ್ಡ ಹೆಜ್ಜೆ, ಪ್ರತಿ ಗೆರೆ ಮುಟ್ಟಿದಾಗ ಒಂದು ಶ್ಯಾಡೋ ಹೊಡೆತ, ಅಂದರೆ ಬಾಲ್ ಇಲ್ಲದೆ ಬರೀ ಬ್ಯಾಟ್ ಬೀಸುವುದು. ಸಮಯ ಅದೇ.

ಎಲ್ಲಕ್ಕಿಂತ ಮುಖ್ಯ, ನಿಲ್ಲಿಸುವುದು ಯಾವಾಗ ಅಂತ ಕಣ್ಣಿಟ್ಟು ನೋಡುವುದು. ಕಾಲು ಕತ್ತರಿಯಾಗಿ ಎಡವಲು ಶುರುವಾಯಿತೋ, ಸೊಂಟ ನೆಟ್ಟಗಾಯಿತೋ, ಆ ಸುತ್ತು ಅಲ್ಲಿಗೆ ಮುಗೀತು. ಎಂಟರಲ್ಲಿ ಆರೇ ಆಗಿದ್ದರೂ ಸರಿ. ಸುಸ್ತಾದ ಕಾಲಿನಲ್ಲಿ ಕೆಟ್ಟ ಹೆಜ್ಜೆ ಹಾಕಿಸಿದರೆ ಮ್ಯಾಚಿನಲ್ಲಿ ಬರುವುದೂ ಅದೇ ಕೆಟ್ಟ ಹೆಜ್ಜೆ. ಕೈಗಡಿಯಾರದ ಹಾರ್ಟ್ ರೇಟ್ ನೋಡಬೇಡಿ. 10 ಸೆಕೆಂಡಿನ ಕೆಲಸಕ್ಕೆ ಎದೆಬಡಿತ ಹಿಂದೆ ಬಿದ್ದು ಏರುತ್ತದೆ. ಕೈ ಬೀಸುವಾಗ ವಾಚಿನ ಲೆಕ್ಕವೂ ತಪ್ಪುತ್ತದೆ.

ಜಂಪ್ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೆದರುವವಳು, ಒಪ್ಪುತ್ತೇನೆ. ನನ್ನ ಎಡಗಾಲಿನ ಮೀನಖಂಡ ಹರಿದದ್ದು ಟೇಬಲ್ ಹತ್ತಿರ ಅಲ್ಲ, ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ, ನೀರಿನ ಟ್ಯಾಂಕ್ ಪಕ್ಕ ಜಂಪ್ ಮಾಡುವಾಗ. ಆದರೆ ನಿಮ್ಮ ಮಗನ ವಿಷಯ ನನ್ನ ಹೆದರಿಕೆಯದ್ದಲ್ಲ. ಅವನು ಬೆಳೆಯುವ ವಯಸ್ಸಿನವನು. ಮಂಡಿಚಿಪ್ಪಿನ ಕೆಳಗೆ, ಮೂಳೆ ಉಬ್ಬಿರುವ ಜಾಗ ಒತ್ತಿದರೆ ನೋವು ಅಂತಾನಾ, ಕೇಳಿ. ಹೌದು ಅಂದರೆ ಜಂಪ್ ಪೂರ್ತಿ ಬಂದ್, ಡಾಕ್ಟರಿಗೆ ತೋರಿಸಿ. ‘ಬೆಳೆಯುವ ನೋವು, ಸಹಿಸ್ಕೋ’ ಅನ್ನಬೇಡಿ.

ಇನ್ನೊಂದು ಮಾತು. ಟೂರ್ನಿಗೆ ಬೆಳಿಗ್ಗೆ ಒಂಬತ್ತಕ್ಕೆ ಕರೆದು ಮಧ್ಯಾಹ್ನ ಮೂರಕ್ಕೆ ಟೇಬಲ್ ಕೊಡುತ್ತಾರೆ. ಅಷ್ಟರಲ್ಲಿ ಹುಡುಗನ ಹೊಟ್ಟೆಗೆ ಹೋಗಿರುವುದು ಒಂದು ಪ್ಯಾಕೆಟ್ ಚಿಪ್ಸ್. ಆಗಲೂ ಕಾಲು ಏಳುವುದಿಲ್ಲ. ಅದಕ್ಕೆ ಬೇಕಿರುವುದು ಡಬ್ಬಿಯಲ್ಲಿ ಸ್ವಲ್ಪ ಮೊಸರನ್ನ, ಎರಡು ಬಾಳೆಹಣ್ಣು.

ಪ್ರಶ್ನೆ: ಕಾಲಿಗೆ ಒಂದು ಕೆಜಿ ಮರಳುಚೀಲ ಕಟ್ಟಿ ಫುಟ್‌ವರ್ಕ್ ಮಾಡಿದರೆ ವೇಗ ಬರುತ್ತಂತೆ, ಹೌದಾ?

ಇಲ್ಲ. ನಿಧಾನವಾಗಿ ಹೆಜ್ಜೆ ಎತ್ತುವುದು ಚೆನ್ನಾಗಿ ಅಭ್ಯಾಸವಾಗುತ್ತದೆ.

ಪ್ರಶ್ನೆ: ಹಿಟ್ ಆದ ಮೇಲೆ ಸ್ನಾಯುವಿನ ಲ್ಯಾಕ್ಟಿಕ್ ಆಸಿಡ್ ತೆಗೆಯಲು ಒಬ್ಬರು ಮನೆಗೇ ಬಂದು ಮಸಾಜ್ ಮಾಡುತ್ತಾರೆ. ಹತ್ತು ಸಲದ ಪ್ಯಾಕೇಜ್ ತಗೊಳ್ಳಲಾ?

ಅದು ಒಂದೆರಡು ಗಂಟೆಯೊಳಗೆ ತಾನೇ ಕರಗಿ ಹೋಗಿರುತ್ತದೆ. ಅವರು ಟ್ರಾಫಿಕ್ ದಾಟಿ ನಿಮ್ಮ ಮನೆ ಮುಟ್ಟುವಷ್ಟರಲ್ಲಿ ತೆಗೆಯಲು ಏನೂ ಉಳಿದಿರುವುದಿಲ್ಲ. ಮಾರನೇ ದಿನದ ಮೈಕೈ ನೋವಿಗೆ ಅದು ಕಾರಣವೂ ಅಲ್ಲ. ಮಸಾಜ್ ಹಿತವಾಗಿದ್ದರೆ ಮಾಡಿಸಿಕೊಳ್ಳಿ. ಈ ಕತೆಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಜಿಮ್‌ನವರು 16ರ ಮಗಳಿಗೆ ಪ್ರಿ-ವರ್ಕೌಟ್ ಪೌಡರ್ ಕೊಡಿ ಅಂತಾರೆ.

ಕೊಡಬೇಡಿ. ಅಂಥ ಡಬ್ಬಿಗಳಲ್ಲಿ ಮುಖ್ಯವಾಗಿ ಇರುವುದು ಕೆಫೀನ್. ಲೇಬಲ್ ಮೇಲೆ ಬರೆಯದ ವಸ್ತು ಒಳಗಿದ್ದು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿದರೆ ಶಿಕ್ಷೆ ಆಟಗಾರ್ತಿಗೆ, ಜಿಮ್‌ನವರಿಗಲ್ಲ. ಪೌಡರ್ ಮಾರುವವರೇ ಡೋಸ್ ಹೇಳಿದರೆ ಎದ್ದು ಬನ್ನಿ.

ಪ್ರಶ್ನೆ: ಪೀರಿಯಡ್ಸ್ ಇದ್ದಾಗ ಹುಡುಗಿಯರು ಹಿಟ್ ಬಿಡಬೇಕಾ?

ಅವಳನ್ನು ಕೇಳಿ. ಅಜ್ಜಿಯನ್ನೂ ಅಲ್ಲ, ಕೋಚನ್ನೂ ಅಲ್ಲ.

ಪ್ರಶ್ನೆ: ಅರ್ಚನಾ ಕಾಮತ್ ಮಾಡುತ್ತಿದ್ದ ಫಿಟ್‌ನೆಸ್ ಶೆಡ್ಯೂಲ್ ಕೊಡಿ, ಮಗಳಿಗೆ ಹಾಗೇ ಮಾಡಿಸುತ್ತೇನೆ.

ನಮ್ಮೂರಿನ ಈ ಹುಡುಗಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜರ್ಮನಿ ವಿರುದ್ಧ ಭಾರತದ ಮಹಿಳಾ ಟಿಟಿ ತಂಡ 1-3ರಿಂದ ಸೋತಾಗ ಆ ಒಂದನ್ನು ಗೆದ್ದುಕೊಟ್ಟವರು. ಅದರ ಹಿಂದೆ ವರ್ಷಗಟ್ಟಲೆಯ ಕೆಲಸ ಇದೆ. ಬೇಸಿಗೆ ಶಿಬಿರಕ್ಕೆ ಸೇರಿ ಎರಡು ತಿಂಗಳಾದ ಮಗುವಿಗೆ ಅದು ಯಾಕೆ?

ಪ್ರಶ್ನೆ: ನನಗೆ 47, ವೈಟ್‌ಫೀಲ್ಡ್‌ನಲ್ಲಿ ಕೆಲಸ, ಬಿಪಿ ಮಾತ್ರೆ ತಗೊಳ್ತೀನಿ. ಆಫೀಸಿನ ಟಿಟಿ ಟೂರ್ನಿಗೆ ಮೂರು ವಾರ ಇದೆ. ಹಿಟ್ ಶುರು ಮಾಡಲಾ?

ಮೂರು ವಾರದಲ್ಲಿ ಸರ್ವ್ ಅಭ್ಯಾಸ ಮಾಡಿ, ಅದರಿಂದ ಪಾಯಿಂಟ್ ಬರುತ್ತದೆ. ಹಿಟ್ ಬೇಕೇ ಬೇಕು ಅಂದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಕೆಲವು ಬಿಪಿ ಮಾತ್ರೆಗಳು ಎದೆಬಡಿತವನ್ನು ಏರಲು ಬಿಡುವುದಿಲ್ಲ, ಹಾಗಾಗಿ ಗರಿಷ್ಠ ಎದೆಬಡಿತ ಎಷ್ಟು ಅಂತ ತಿಳಿಯಲು 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ನಿಮಗೆ ನಡೆಯುವುದಿಲ್ಲ. ಆಡುವಾಗ ಎದೆ ಹಿಡಿದಂತಾದರೆ, ನೋವು ದವಡೆಗೋ ಎಡಗೈಗೋ ಇಳಿದರೆ, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕೂರಬೇಡಿ. ಬ್ಯಾಟ್ ಅಲ್ಲೇ ಬಿಟ್ಟು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಗಾಡಿ ಬೇರೆಯವರು ಓಡಿಸಲಿ.